ಒಡೆಯದೇ ಕಟ್ಟಡದ ಒಳಗನ್ನು ನೋಡುವುದು: ಮಲೆನಾಡಿನ ಕಾಂಕ್ರೀಟ್ ಮನೆಗಳಿಗೆ ಎನ್‌ಡಿಟಿ ಮಾರ್ಗದರ್ಶಿ

ಮೂಡಿಗೆರೆ ಕಡೆಯ ಒಂದು ತೋಟದ ಮನೆ. ಪೋರ್ಟಿಕೋದ ಬೀಮಿನ ಅಡಿಯಲ್ಲಿ ಉದ್ದಕ್ಕೂ ಒಂದು ಬಿರುಕು. ಯಜಮಾನರು ನನ್ನನ್ನು ಕರೆಸುವ ಹೊತ್ತಿಗೆ ಇಬ್ಬರು ಬಂದು ನೋಡಿ ಹೋಗಿದ್ದರು. ಒಬ್ಬರು "ಪೂರ್ತಿ ಇಳಿಸಿ ಹೊಸದಾಗಿ ಹಾಕಿ" ಅಂದಿದ್ದರಂತೆ. ಇನ್ನೊಬ್ಬರು "ಏನೂ ಆಗಿಲ್ಲ, ಕೆರೆದು ಗಾರೆ ಬಳಿದರೆ ಸಾಕು" ಅಂದಿದ್ದರಂತೆ. "ಯಾರ ಮಾತು ಕೇಳೋದು ಸಾರ್?" ಅಂತ ಯಜಮಾನರು ಕೇಳಿದರು. ಬಂದ ಇಬ್ಬರೂ ಬೀಮಿಗೆ ಕೈ ಕೂಡ ಮುಟ್ಟಿಸಿರಲಿಲ್ಲ. ಕೆಳಗೆ ನಿಂತು ತಲೆ ಎತ್ತಿ ನೋಡಿದ್ದು ಅಷ್ಟೇ.

ಆ ಬೀಮನ್ನೇ ಮುಂದಿಟ್ಟುಕೊಂಡು ಈ ಬರಹ. ಒಡೆಯದೆ, ಅಥವಾ ಬೆರಳಗಲದಷ್ಟು ಮಾತ್ರ ಒಡೆದು, ಒಳಗೆ ಏನಾಗಿದೆ ಎಂದು ಪತ್ತೆ ಮಾಡುವ ಪರೀಕ್ಷೆಗಳಿಗೆ ನಮ್ಮ ಕೆಲಸದವರು ಎನ್‌ಡಿಟಿ ಅನ್ನುತ್ತಾರೆ. ಹೊಸದಾಗಿ ಸೈಟಿಗೆ ಇಳಿದ ಇಂಜಿನಿಯರ್‌ಗಳಿಗೆ ಇದು ಕೆಲಸಕ್ಕೆ ಬರುತ್ತದೆ. ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುವ ಮನೆಯವರಿಗೂ ಬರುತ್ತದೆ. ಮಷೀನು ತಂದವರು ಏನು ಮಾಡುತ್ತಿದ್ದಾರೆ ಎಂದು ಗೊತ್ತಿದ್ದರೆ ನಾಲ್ಕು ಪ್ರಶ್ನೆ ಕೇಳಬಹುದು, ಅಲ್ವಾ?

ಮೊದಲೇ ಒಂದು ಮಾತು. ಪ್ರತಿ ಮಷೀನೂ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ನಮ್ಮ ಪ್ರಶ್ನೆ ಏನು ಅಂತ ನಮಗೇ ಗೊತ್ತಿಲ್ಲದಿದ್ದರೆ ಅದು ಕೊಡುವ ಸಂಖ್ಯೆ ದಾರಿ ತಪ್ಪಿಸುತ್ತದೆ.

ಹೊರಡುವ ಮುಂಚೆ

ಯಾವ ತಿಂಗಳು ಎನ್ನುವುದು ನಮ್ಮ ಕಡೆ ದೊಡ್ಡ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯಲ್ಲಿ ಕಾಂಕ್ರೀಟು ನೀರು ಕುಡಿದು ಕೂತಿರುತ್ತದೆ. ಒದ್ದೆ ಕಾಂಕ್ರೀಟಿನಲ್ಲಿ ಸುತ್ತಿಗೆ ಪರೀಕ್ಷೆಯ ಅಂಕ ಕಡಿಮೆ ಬರುತ್ತದೆ, ಅಲ್ಟ್ರಾಸೋನಿಕ್ ವೇಗ, ಅಂದರೆ ಕಾಂಕ್ರೀಟಿನೊಳಗೆ ಸದ್ದು ಓಡುವ ವೇಗ, ಸ್ವಲ್ಪ ಜಾಸ್ತಿ ಬರುತ್ತದೆ. ಎರಡೂ ಸುಳ್ಳೇ, ಅದೂ ಎದುರುಬದುರು ದಿಕ್ಕಿನ ಸುಳ್ಳು. ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವ ಮುಂಚಿನ ದಿನಗಳು ನನ್ನ ಲೆಕ್ಕದಲ್ಲಿ ಸರಿಯಾದ ಕಾಲ. ಕಾಂಕ್ರೀಟೂ ಒಣಗಿರುತ್ತದೆ, ತೋಟದವರಿಗೂ ಕೂತು ಮಾತಾಡಲು ಪುರುಸೊತ್ತು ಇರುತ್ತದೆ.

ಸೋರಿಕೆ ಎಲ್ಲಿ ಅಂತ ನೋಡಲು ಮಾತ್ರ ಮಳೆಗಾಲದಲ್ಲೇ ಒಂದು ಸಲ ಹೋಗಬೇಕು. ಆಗ ಮಷೀನು ಬೇಡ, ಮೊಬೈಲ್ ಕ್ಯಾಮೆರಾ ಸಾಕು.

ಮಾತಾಡಲು ಕೂತಾಗ ಕೇಳಬೇಕಾದದ್ದು: ಯಾವ ವರ್ಷ ಕಟ್ಟಿದ್ದು? ಯಾವ ತಿಂಗಳಲ್ಲಿ ಮೋಲ್ಡ್ ಹಾಕಿದ್ದು? ಮರಳು ಎಲ್ಲಿಂದ ಬಂತು? ಎಷ್ಟು ದಿನ ನೀರು ಹಾಕಿದರು? ಮೇಲೆ ಆಮೇಲೆ ಏನಾದರೂ ಕಟ್ಟಿದರಾ? ಮೂಲ ಡ್ರಾಯಿಂಗ್ ನಮ್ಮ ಕಡೆ ಯಾರ ಹತ್ತಿರವೂ ಸಿಗುವುದಿಲ್ಲ. ಆದರೆ ಮೋಲ್ಡ್ ಹಾಕಿದ ದಿನ ಜೋರು ಮಳೆ ಬಂದಿತ್ತು ಅನ್ನುವುದು ಮನೆಯ ಅಜ್ಜಿಗೆ ನೆನಪಿರುತ್ತದೆ. ನಮ್ಮ ಮೂಡಿಗೆರೆ ಮನೆಯಲ್ಲಿ ಅಜ್ಜಿ ಹೇಳಿದ್ದು ಬೇರೆ: "ಪೋರ್ಟಿಕೋ ಮೇಲೆ ಪ್ರತಿ ವರ್ಷ ಎಲೆ ಕಟ್ಟಿಕೊಂಡು ನೀರು ನಿಲ್ಲುತ್ತೆ ಕಣಪ್ಪ. ಇವನಿಗೆ ಹೇಳಿ ಹೇಳಿ ಸಾಕಾಯ್ತು." ನನ್ನ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಹೆಜ್ಜೆ 1: ಕಣ್ಣಿನಿಂದ ನೋಡುವುದು

ಇದನ್ನು ಹಾರಿಸಿ ಸೀದಾ ಮಷೀನಿಗೆ ಹೋಗುವವರೇ ಜಾಸ್ತಿ. ಏಣಿ, ಟಾರ್ಚು, ಸೀಮೆಸುಣ್ಣ, ಬಿರುಕಿನ ಅಗಲ ಅಳೆಯುವ ಪ್ಲಾಸ್ಟಿಕ್ ಕಾರ್ಡು, ಒಂದು ನೋಟ್‌ಬುಕ್ಕು. ಇಷ್ಟು ಸಾಕು.

ಬಿರುಕು ಎಲ್ಲಿದೆ, ಯಾವ ಕಡೆ ಓಡಿದೆ ಎನ್ನುವುದೇ ಅದರ ಜಾತಕ. ಬೀಮಿನ ಅಡಿಯಲ್ಲಿ ಕಂಬಿಯ ಜಾಡು ಹಿಡಿದು ಉದ್ದಕ್ಕೆ ಹೋಗಿದ್ದರೆ ಒಳಗೆ ಕಂಬಿ ತುಕ್ಕು ಹಿಡಿದು ಊದಿಕೊಂಡಿದೆ ಎಂದು ಅನುಮಾನಪಡಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಅದಕ್ಕೇ ಕಾಂಕ್ರೀಟು ಸೀಳುತ್ತದೆ. ಬೀಮಿನ ನಟ್ಟನಡುವೆ ಕೆಳಗಿನಿಂದ ಮೇಲಕ್ಕೆ ಹೋಗುವ ಸಣ್ಣ ಬಿರುಕು ಬಾಗುವಿಕೆಯದು. ಅದು ಕೂದಲೆಳೆಯಷ್ಟಿದ್ದರೆ ಆರ್‌ಸಿಸಿಯಲ್ಲಿ ಸಹಜ. ಪಿಲ್ಲರ್ ಹತ್ತಿರ ಓರೆಯಾಗಿ ಹೋದದ್ದು ಕಂಡರೆ ಮಾತ್ರ ಹುಷಾರು. ಅದು ಶಿಯರ್ ಬಿರುಕು, ಅಂದರೆ ಭಾರಕ್ಕೆ ಬೀಮು ಕತ್ತರಿಸಿದಂತೆ ಸೀಳುವ ಬಿರುಕು ಇರಬಹುದು, ಕೂಡಲೇ ಕೆಳಗೆ ಜಾಕಿ ಕೊಡಿಸಿ, ಪರೀಕ್ಷೆ ಆಮೇಲೆ. ಗೋಡೆಯಲ್ಲಿ ಸ್ಲ್ಯಾಬಿನ ಕೆಳಗೆ ಅಡ್ಡಡ್ಡ ಓಡಿದ್ದರೆ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗಿದ್ದು. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟಿದ್ದರೆ ಪಾಯ ಒಂದು ಕಡೆ ಕುಸಿದಿದೆಯಾ ನೋಡಬೇಕು. ಇಳಿಜಾರಿನಲ್ಲಿ ಮಣ್ಣು ತುಂಬಿ ಕಟ್ಟಿದ ನಮ್ಮ ಮನೆಗಳಲ್ಲಿ ಇದು ಸಾಮಾನ್ಯ. ಜೇಡರ ಬಲೆ ಥರ ಹರಡಿಕೊಂಡದ್ದು ಬಹುಪಾಲು ಗಾರೆಯ ಬಿರುಕು. ಒಂದು ಕಡೆ ಗಾರೆ ಕೆತ್ತಿ ನೋಡಿದರೆ ಗೊತ್ತಾಗುತ್ತದೆ.

ಅಗಲದ ವಿಷಯಕ್ಕೆ ಬಂದರೆ, ಕಾಂಕ್ರೀಟು ಕೆಲಸಕ್ಕಿರುವ ಭಾರತದ ಮಾನಕ ಐಎಸ್ 456 ಸಾಮಾನ್ಯ ಜಾಗದಲ್ಲಿ 0.3 ಮಿ.ಮೀ. ತನಕ ಒಪ್ಪುತ್ತದೆ. ಸದಾ ತೇವ ಇರುವ ಅಥವಾ ಮಣ್ಣಿಗೆ ತಾಗಿದ ಭಾಗಕ್ಕೆ 0.2. ಅದಕ್ಕಿಂತ ಕಠಿಣ ಪರಿಸರಕ್ಕೆ 0.1. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಅಡ್ಡಕ್ಕೆ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ. ಮುಂದಿನ ತಿಂಗಳು ಗಾಜು ಒಡೆದಿದ್ದರೆ ಬಿರುಕು ಇನ್ನೂ ಓಡಾಡುತ್ತಿದೆ ಎಂದರ್ಥ. ಎಷ್ಟು ಅಗಲ ಎನ್ನುವುದಕ್ಕಿಂತ ಬೆಳೆಯುತ್ತಿದೆಯಾ ಇಲ್ಲವಾ ಎನ್ನುವುದು ನನಗೆ ಮುಖ್ಯ.

ಹೆಜ್ಜೆ 2: ತಟ್ಟಿ ಕೇಳುವುದು

ಅರ್ಧ ಕೆ.ಜಿ.ಯ ಸುತ್ತಿಗೆ ತಗೊಂಡು ಹಗುರವಾಗಿ ತಟ್ಟುತ್ತಾ ಹೋಗಿ. ಹಲಸಿನ ಹಣ್ಣು ತಟ್ಟಿ ನೋಡುತ್ತೀರಲ್ಲ, ಹಾಗೆ. ಗಟ್ಟಿ ಕಾಂಕ್ರೀಟು ಟಣ್ ಅನ್ನುತ್ತದೆ. ಪದರ ಬಿಟ್ಟಿದ್ದರೆ ಡಬ್ ಅನ್ನುತ್ತದೆ. ಒಂದು ಗಂಟೆಯಲ್ಲಿ ಇಡೀ ಪೋರ್ಟಿಕೋ ಮುಗಿಯುತ್ತದೆ. ಡಬ್ ಅಂದ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಹೆಲ್ಮೆಟ್ ಹಾಕಿಕೊಳ್ಳಿ, ತಟ್ಟಿದಾಗ ಚಕ್ಕೆ ಬೀಳುವುದು ನಿಮ್ಮ ತಲೆ ಮೇಲೇ.

ಗಾರೆ ಟೊಳ್ಳಾಗಿದೆಯಾ, ಕಾಂಕ್ರೀಟೇ ಟೊಳ್ಳಾಗಿದೆಯಾ ಎನ್ನುವುದು ಸದ್ದಿನಲ್ಲಿ ತಿಳಿಯುವುದಿಲ್ಲ. ಡಬ್ ಅಂದ ಒಂದೆರಡು ಕಡೆ ಗಾರೆ ಎಬ್ಬಿಸಿ ಮತ್ತೆ ತಟ್ಟಿ. ಮೂಡಿಗೆರೆ ಬೀಮಿನಲ್ಲಿ ಹೊರಗಿನ ತುದಿಯಿಂದ ಒಂದೂವರೆ ಮೀಟರ್ ಕಾಂಕ್ರೀಟೇ ಡಬ್ ಅನ್ನುತ್ತಿತ್ತು. ಮನೆ ಕಡೆಯ ತುದಿ ಟಣ್ ಅನ್ನುತ್ತಿತ್ತು. ಇದು ಒಳ್ಳೆಯ ಸುದ್ದಿ. ಒಂದೇ ಬೀಮಿನಲ್ಲಿ ಒಳ್ಳೆಯ ಭಾಗ, ಕೆಟ್ಟ ಭಾಗ ಎರಡೂ ಇದ್ದರೆ ಹೋಲಿಸಿ ನೋಡಲು ಆಗುತ್ತದೆ. ಮುಂದಿನ ಎಲ್ಲ ಪರೀಕ್ಷೆಗಳನ್ನೂ ಎರಡೂ ಕಡೆ ಮಾಡಬೇಕು. ಕೆಟ್ಟ ಜಾಗದಲ್ಲಷ್ಟೇ ಅಳೆದರೆ ಆ ಸಂಖ್ಯೆ ಯಾವುದಕ್ಕೆ ಹೋಲಿಸಿ ಕೆಟ್ಟದ್ದು ಅಂತ ಹೇಳುತ್ತೀರಿ?

ಹೆಜ್ಜೆ 3: ಕಂಬಿ ಎಲ್ಲಿದೆ, ಎಷ್ಟು ಒಳಗಿದೆ

ಕವರ್ ಮೀಟರ್ ಒಂದು ಚಿಕ್ಕ ಪೆಟ್ಟಿಗೆ. ವಿದ್ಯುತ್ಕಾಂತ ಕ್ಷೇತ್ರ ಹುಟ್ಟಿಸಿ ಕಬ್ಬಿಣ ಎಲ್ಲಿದೆ ಎಂದು ಕಂಡುಹಿಡಿಯುತ್ತದೆ. ನಿಧಾನಕ್ಕೆ ಎಳೆಯುತ್ತಾ ಹೋದಂತೆ ಕಂಬಿಯ ಮೇಲೆ ಬಂದಾಗ ಸದ್ದು ಮಾಡುತ್ತದೆ. ಮೊದಲು ಅಡ್ಡಕ್ಕೆ ಎಳೆದು ಉದ್ದದ ಕಂಬಿ ಗುರುತಿಸಿ, ಆಮೇಲೆ ಉದ್ದಕ್ಕೆ ಎಳೆದು ರಿಂಗುಗಳನ್ನು ಗುರುತಿಸಿ. ಎರಡನ್ನೂ ಸೀಮೆಸುಣ್ಣದಲ್ಲಿ ಬರೆದಾಗ ಕಂಬಿಯ ಬಲೆಯೇ ಮೇಲೆ ಮೂಡುತ್ತದೆ. ಕಂಬಿಗಳು ಒತ್ತೊತ್ತಾಗಿದ್ದರೆ ಆಳ, ವ್ಯಾಸ ಎರಡರ ಲೆಕ್ಕವೂ ತಪ್ಪುತ್ತದೆ. ವ್ಯಾಸ ಬೇಕೇ ಬೇಕೆಂದರೆ ಒಂದು ಕಡೆ ಕೆತ್ತಿ ವರ್ನಿಯರ್‌ನಲ್ಲಿ ಅಳೆಯುವುದೇ ವಾಸಿ.

ಈ ಪರೀಕ್ಷೆಯನ್ನು ಇಷ್ಟು ಬೇಗ ಮಾಡಲು ಎರಡು ಕಾರಣ. ಮುಂದಿನ ಪರೀಕ್ಷೆಗಳಲ್ಲಿ ಕಂಬಿಯಿಂದ ದೂರ ಇರಬೇಕು, ಹಾಗಾಗಿ ಅದರ ಜಾಗ ಗೊತ್ತಿರಬೇಕು. ಎರಡನೆಯದು, ಕವರ್, ಅಂದರೆ ಕಂಬಿಯನ್ನು ಮುಚ್ಚಿರುವ ಕಾಂಕ್ರೀಟಿನ ದಪ್ಪ, ಎಷ್ಟಿದೆ ಎನ್ನುವ ಒಂದೇ ಸಂಖ್ಯೆ ಮಲೆನಾಡಿನ ಕಟ್ಟಡಗಳ ಮುಕ್ಕಾಲು ಕಥೆ ಹೇಳುತ್ತದೆ. ಐಎಸ್ 456 ಪ್ರಕಾರ ಸೌಮ್ಯ ಪರಿಸರಕ್ಕೆ 20 ಮಿ.ಮೀ., ಮಧ್ಯಮಕ್ಕೆ 30, ತೀವ್ರಕ್ಕೆ 45 ಮಿ.ಮೀ. ಕವರ್ ಬೇಕು. ಜೋರು ಮಳೆಗೆ ಒಡ್ಡಿಕೊಂಡ, ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಕಾಂಕ್ರೀಟು ತೀವ್ರದ ಪಟ್ಟಿಗೆ ಸೇರುತ್ತದೆ. ಅಂದರೆ ಮೂಡಿಗೆರೆಯ ಸಜ್ಜಾ, ಪೋರ್ಟಿಕೋ ಎಲ್ಲ ಅದೇ. ಹಳೇ ಮನೆಗಳಲ್ಲಿ ಕಂಬಿಯ ಕೆಳಗೆ ಜಲ್ಲಿ ಚೂರು ಇಟ್ಟು ಮೋಲ್ಡ್ ಹಾಕುತ್ತಿದ್ದರು. ಕೆಲಸದವರು ಮೇಲೆ ನಡೆದಾಡಿದಾಗ ಅದು ಜಾರಿ ಹೋಗುತ್ತಿತ್ತು. ನಮ್ಮ ಬೀಮಿನಲ್ಲಿ ಕವರ್ 15ರಿಂದ 18 ಮಿ.ಮೀ. ಸಿಕ್ಕಿತು.

ಹೆಜ್ಜೆ 4: ರಿಬೌಂಡ್ ಹ್ಯಾಮರ್, ಎಲ್ಲರ ಮೆಚ್ಚಿನ ಮೋಸಗಾರ

ಸ್ವಿಟ್ಜರ್ಲೆಂಡಿನ ಅರ್ನ್ಸ್ಟ್ ಶ್ಮಿಡ್ಟ್ ರೂಪಿಸಿದ್ದರಿಂದ ಶ್ಮಿಡ್ಟ್ ಸುತ್ತಿಗೆ ಅಂತಲೂ ಕರೆಯುತ್ತಾರೆ. ಸ್ಪ್ರಿಂಗಿನ ಬಲದಿಂದ ಒಂದು ಉಕ್ಕಿನ ತೂಕ ಕಾಂಕ್ರೀಟಿಗೆ ಬಡಿದು ಎಷ್ಟು ಪುಟಿಯಿತು ಎನ್ನುವುದನ್ನು ಅಂಕವಾಗಿ ತೋರಿಸುತ್ತದೆ. ಮೈ ಗಟ್ಟಿ ಇದ್ದಷ್ಟೂ ಜಾಸ್ತಿ ಪುಟಿಯುತ್ತದೆ. ಹಗುರ, ಅಗ್ಗ, ಸುಲಭ. ಅದಕ್ಕೇ ಎಲ್ಲರ ಚೀಲದಲ್ಲೂ ಇದೆ.

ಬಳಸುವ ಕ್ರಮ ಹೀಗೆ. ಮೊದಲು ಅದರ ಜೊತೆ ಬರುವ ಉಕ್ಕಿನ ಗುಂಡಿನ ಮೇಲೆ ಹೊಡೆದು ನೋಡಿ. ಸಾಮಾನ್ಯವಾಗಿ 80ರ ಆಸುಪಾಸು ಬರಬೇಕು. ಬರದಿದ್ದರೆ ಅವತ್ತು ಆ ಸುತ್ತಿಗೆ ಬೇಡ. ಗಾರೆ, ಬಣ್ಣ, ಸುಣ್ಣ ಎಲ್ಲ ತೆಗೆದು ಸುಮಾರು ಒಂದು ಅಡಿ ಚೌಕದಷ್ಟು ಕಾಂಕ್ರೀಟನ್ನು ಬತ್ತಲೆ ಮಾಡಿ. ಕಾರ್ಬೊರಂಡಂ ಕಲ್ಲಿನಿಂದ ಉಜ್ಜಿ ಧೂಳು ಒರೆಸಿ. ಗಾರೆ ಮೇಲೇ ಹೊಡೆದು ವರದಿ ಬರೆದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರು ಅಳೆದದ್ದು ಗಾರೆಯ ಗಟ್ಟಿತನ.

ಸುತ್ತಿಗೆಯನ್ನು ಮೈಗೆ ನೇರವಾಗಿ, 90 ಡಿಗ್ರಿಯಲ್ಲಿ ಹಿಡಿದು ನಿಧಾನಕ್ಕೆ ಒತ್ತಿ. ಅಂಚಿನಿಂದ ಕನಿಷ್ಠ 20 ಮಿ.ಮೀ. ಒಳಗಿರಿ. ಹೊಡೆದ ಜಾಗಕ್ಕೇ ಮತ್ತೆ ಹೊಡೆಯಬೇಡಿ, ಒಂದಂಗುಲ ಸರಿಯಿರಿ. ಜಲ್ಲಿ ಎದ್ದು ಕಾಣುವ ಜಾಗ, ಗುಳಿ, ಕಂಬಿಯ ನೇರ ಬೇಡ. ಭಾರತದ ಮಾನಕ 13311ರ ಎರಡನೇ ಭಾಗ ಒಂದು ಜಾಗದಲ್ಲಿ ಆರು ಸಲ ಹೊಡೆದು, ತೀರಾ ದೂರ ನಿಂತ ಅಂಕ ಬಿಟ್ಟು ಸರಾಸರಿ ತೆಗೆಯಲು ಹೇಳಿತ್ತು. ಈಗ ಅದರ ಜಾಗಕ್ಕೆ ಐಎಸ್ 516ರ ಐದನೇ ಭಾಗ ಬಂದಿದೆ, ವರದಿಯಲ್ಲಿ ಹೊಸದನ್ನೇ ಹೆಸರಿಸಿ. ನಾನಂತೂ ಹತ್ತು ಸಲ ಹೊಡೆಯುತ್ತೇನೆ, ಎಷ್ಟು ಚದುರಿದೆ ಅಂತ ಆಗ ಚೆನ್ನಾಗಿ ಕಾಣುತ್ತದೆ. ಯಾವ ದಿಕ್ಕಿಗೆ ಹೊಡೆದಿರಿ ಎನ್ನುವುದನ್ನೂ ಬರೆಯಿರಿ. ಸ್ಲ್ಯಾಬಿನ ಅಡಿಗೆ ಮೇಲ್ಮುಖವಾಗಿ ಹೊಡೆದರೆ ಅಂಕ ಇದ್ದದ್ದಕ್ಕಿಂತ ಜಾಸ್ತಿ ಬರುತ್ತದೆ, ನೆಲಕ್ಕೆ ಹೊಡೆದರೆ ಕಡಿಮೆ. ಸುತ್ತಿಗೆಯ ಜೊತೆಗಿನ ಚಾರ್ಟ್‌ನಲ್ಲಿ ದಿಕ್ಕಿಗೊಂದು ಗೆರೆ ಇರುವುದು ಇದಕ್ಕೇ.

ಇನ್ನು ಮೋಸದ ವಿಷಯ. ಮೂಡಿಗೆರೆ ಬೀಮಿನ ಕೆಟ್ಟ ತುದಿಯಲ್ಲಿ, ಟೊಳ್ಳಾಗಿದ್ದ ಅಡಿ ಬಿಟ್ಟು ಪಕ್ಕದ ಮೈಗೆ ಹೊಡೆದಾಗ ಸರಾಸರಿ 44 ಬಂತು. ಚಾರ್ಟ್ ನೋಡಿದರೆ ಬಹಳ ಗಟ್ಟಿ ಕಾಂಕ್ರೀಟು! ಕಾರಣ ಕಾರ್ಬೊನೇಷನ್. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷಗಟ್ಟಲೆ ಒಳಗಿಳಿದು ಕಾಂಕ್ರೀಟಿನ ಸುಣ್ಣದ ಅಂಶವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡುತ್ತದೆ. ಆ ಪದರ ಗಟ್ಟಿ. ಸುತ್ತಿಗೆಗೆ ಸಿಗುವುದು ಮೇಲಿನ ಆ ಸಿಪ್ಪೆ ಮಾತ್ರ. ಹಳೇ ಕಾಂಕ್ರೀಟಿನಲ್ಲಿ ಶಕ್ತಿಯನ್ನು ಶೇಕಡಾ 50ರಷ್ಟು ಜಾಸ್ತಿ ತೋರಿಸಿಬಿಡಬಹುದು. ಹೊಸ ಕಾಂಕ್ರೀಟಿನಲ್ಲೂ ಶೇಕಡಾ 25 ಆಚೀಚೆ ಆಗುತ್ತದೆ ಎಂದು ಮಾನಕವೇ ಹೇಳುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಸುತ್ತಿಗೆಯ ಅಂಕ ಒಂದನ್ನೇ ನಂಬಿ ಹಳೇ ಗೋದಾಮೊಂದಕ್ಕೆ "ಚೆನ್ನಾಗಿದೆ" ಅಂತ ಬರೆದುಕೊಟ್ಟಿದ್ದೆ. ಆಮೇಲೆ ಕೊರೆದು ತೆಗೆದ ಕಾಂಕ್ರೀಟಿನ ತುಂಡು (ಕೋರ್) ಬೇರೆಯದೇ ಹೇಳಿತು. ಮುಖ ಎಲ್ಲಿಡಲಿ ಅನ್ನಿಸಿತ್ತು.

ಹಾಗಂತ ಸುತ್ತಿಗೆ ಬಿಸಾಡಬೇಡಿ. ಒಂದೇ ವಯಸ್ಸಿನ ಹತ್ತು ಪಿಲ್ಲರ್‌ಗಳಲ್ಲಿ ಯಾವುದು ಉಳಿದವುಗಳ ಹಾಗಿಲ್ಲ ಎಂದು ಹುಡುಕಲು ಅದರಷ್ಟು ಬೇಗ ಯಾವುದೂ ಹೇಳುವುದಿಲ್ಲ.

ಹೆಜ್ಜೆ 5: ಅಲ್ಟ್ರಾಸೋನಿಕ್ ಪಲ್ಸ್ ವೆಲಾಸಿಟಿ

ಸಿಪ್ಪೆ ಬಿಟ್ಟು ತಿರುಳು ನೋಡುವುದು ಇದರಿಂದ. ಕಿವಿಗೆ ಕೇಳದ ಸದ್ದನ್ನು, ಸಾಮಾನ್ಯವಾಗಿ 54 ಕಿಲೋಹರ್ಟ್ಸ್, ಒಂದು ಕಡೆಯಿಂದ ಕಳಿಸಿ ಇನ್ನೊಂದು ಕಡೆ ಹಿಡಿಯುತ್ತೇವೆ. ದೂರವನ್ನು ಸಮಯದಿಂದ ಭಾಗಿಸಿದರೆ ವೇಗ. ಗಟ್ಟಿ ಕಾಂಕ್ರೀಟಿನಲ್ಲಿ ಸದ್ದು ಸೆಕೆಂಡಿಗೆ 4 ಕಿ.ಮೀ. ಮೇಲೆ ಓಡುತ್ತದೆ. ದಾರಿಯಲ್ಲಿ ಟೊಳ್ಳು, ಹನಿಕೋಂಬ್ (ಜಲ್ಲಿ ನಡುವೆ ಗಾರೆ ತುಂಬದೆ ಉಳಿದ ಜೇನುಗೂಡಿನಂಥ ಸಂದು), ಬಿರುಕು ಸಿಕ್ಕರೆ ಸುತ್ತಿಕೊಂಡು ಬರಬೇಕು, ತಡವಾಗುತ್ತದೆ.

ಮೊದಲು ಮಷೀನಿನ ಜೊತೆಗಿನ ಸರಳಿನ ಎರಡೂ ತುದಿಗೆ ಪ್ರೋಬ್ (ಸದ್ದು ಕಳಿಸುವ ಮತ್ತು ಹಿಡಿಯುವ ಬಿಲ್ಲೆ) ಇಟ್ಟು, ಸರಳಿನ ಮೇಲೆ ಬರೆದಿರುವ ಸಮಯವೇ ಬರುವಂತೆ ಸರಿಮಾಡಿಕೊಳ್ಳಿ. ಇದನ್ನು ದಿನಕ್ಕೊಂದು ಸಲ ಅಲ್ಲ, ಊಟ ಮುಗಿಸಿ ಬಂದ ಮೇಲೂ ಮಾಡಿ. ಪ್ರೋಬ್‌ಗೂ ಕಾಂಕ್ರೀಟಿಗೂ ನಡುವೆ ಗಾಳಿ ಇದ್ದರೆ ಸದ್ದು ದಾಟುವುದೇ ಇಲ್ಲ. ಗ್ರೀಸ್ ಅಥವಾ ವ್ಯಾಸಲೀನ್ ಹಚ್ಚಿ, ಅಂಕ ನಿಲ್ಲುವ ತನಕ ಒತ್ತಿ ಹಿಡಿಯಿರಿ. ಎದುರುಬದುರು ಮೈಗೆ ಪ್ರೋಬ್ ಇಡುವ ನೇರ ವಿಧಾನವೇ ಉತ್ತಮ. ಪಕ್ಕದ ಎರಡು ಮೈಗಳಿಗೆ ಇಡುವುದು ಎರಡನೇ ಆಯ್ಕೆ. ಸ್ಲ್ಯಾಬಿನ ಥರ ಒಂದೇ ಮೈ ಸಿಗುವ ಕಡೆ ಎರಡೂ ಪ್ರೋಬ್ ಒಂದೇ ಮೈಗೆ ಇಡಬೇಕಾಗುತ್ತದೆ. ಆಗ ವೇಗ ಶೇಕಡಾ 5ರಿಂದ 20 ಕಡಿಮೆ ಬರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಕಂಬಿಯ ಉದ್ದಕ್ಕೆ ಅಳೆಯಬೇಡಿ. ಉಕ್ಕಿನಲ್ಲಿ ಸದ್ದು ಕಾಂಕ್ರೀಟಿಗಿಂತ ಬೇಗ ಓಡುವುದರಿಂದ ಕೆಟ್ಟ ಕಾಂಕ್ರೀಟೂ ಒಳ್ಳೆಯದಾಗಿ ಕಾಣುತ್ತದೆ.

ನಮ್ಮ ಬೀಮು 230 ಮಿ.ಮೀ. ಅಗಲ. ಒಂದೊಂದು ಅಡಿಗೆ ಒಂದು ಬಿಂದು, ಪ್ರತಿ ಬಿಂದುವಿನಲ್ಲಿ ಮೇಲೆ, ನಡುವೆ, ಕೆಳಗೆ ಅಂತ ಮೂರು ಸಾಲು. ಮನೆ ಕಡೆಯ ತುದಿಯಲ್ಲಿ 56 ಮೈಕ್ರೋಸೆಕೆಂಡ್ ಬಂತು. 230 ಭಾಗಿಸು 56, ಅಂದರೆ ಸೆಕೆಂಡಿಗೆ 4.1 ಕಿ.ಮೀ. ಹೊರಗಿನ ತುದಿಯ ಕೆಳಸಾಲಿನಲ್ಲಿ 76 ಮೈಕ್ರೋಸೆಕೆಂಡ್, ವೇಗ 3.0. ಅದೇ ತುದಿಯ ನಡುಸಾಲಿನಲ್ಲಿ 3.9. ಈ ಕೊನೆಯ ಸಂಖ್ಯೆ ನೋಡಿ ನನಗೆ ಉಸಿರು ಬಂದಂತಾಯಿತು. ಕೆಟ್ಟಿದ್ದು ಅಡಿಯ ಕವರ್ ಮತ್ತು ಅದರ ಸುತ್ತಮುತ್ತ ಮಾತ್ರ, ಬೀಮಿನ ಹೊಟ್ಟೆ ಗಟ್ಟಿಯಾಗಿದೆ.

1992ರ ಮಾನಕ 13311ರ ಮೊದಲ ಭಾಗದಲ್ಲಿದ್ದ ಲೆಕ್ಕ ಈಗಲೂ ಎಲ್ಲರ ಬಾಯಲ್ಲಿದೆ: 4.5ಕ್ಕಿಂತ ಮೇಲೆ ಅತ್ಯುತ್ತಮ, 3.5ರಿಂದ 4.5 ಒಳ್ಳೆಯದು, 3.0ರಿಂದ 3.5 ಸಾಧಾರಣ, 3.0ಕ್ಕಿಂತ ಕಡಿಮೆ ಅನುಮಾನ. 2018ರಲ್ಲಿ ಬಂದ ಐಎಸ್ 516ರ ಐದನೇ ಭಾಗದ ಮೊದಲ ವಿಭಾಗ ಇದನ್ನು ಬದಲಿಸಿದೆ. ಹಾಗಾಗಿ ವರದಿಗೆ ಸಹಿ ಹಾಕುವ ಮುಂಚೆ ಅದನ್ನು ತೆಗೆದು ನೋಡಿ. ಈ ವೇಗ ಕಾಂಕ್ರೀಟಿನ ಗುಣ ಹೇಳುತ್ತದೆ, ಶಕ್ತಿ ಇಷ್ಟೇ ಅಂತ ಹೇಳುವುದಿಲ್ಲ. "ವೇಗ ಇಷ್ಟು, ಹಾಗಾಗಿ ಎಂ20" ಅಂತ ಕಾಂಕ್ರೀಟಿನ ಶಕ್ತಿಯ ದರ್ಜೆಯನ್ನೇ ಯಾರಾದರೂ ಬರೆದುಕೊಟ್ಟರೆ ಹೇಗೆ ಅಂತ ಕೇಳಿ.

ಬಿರುಕು ಎಷ್ಟು ಆಳ ಇದೆ?

ಇದೇ ಮಷೀನಿನಿಂದ ಅಳೆಯಬಹುದು, ಲೆಕ್ಕ ಶಾಲೆಯ ಪೈಥಾಗೊರಸ್. ಬಿರುಕಿನ ಎರಡೂ ಪಕ್ಕ ಒಂದೇ ದೂರದಲ್ಲಿ, 150 ಮಿ.ಮೀ. ಅಂದುಕೊಳ್ಳಿ, ಪ್ರೋಬ್ ಇಟ್ಟು ಸಮಯ ಬರೆದುಕೊಳ್ಳಿ. ಆಮೇಲೆ ಬಿರುಕಿಲ್ಲದ ಜಾಗದಲ್ಲಿ ಅದೇ 300 ಮಿ.ಮೀ. ಅಂತರದಲ್ಲಿ ಅಳೆಯಿರಿ. ಬಿರುಕಿದ್ದ ಕಡೆ ಸದ್ದು ಕೆಳಕ್ಕೆ ಇಳಿದು, ಬಿರುಕಿನ ತುದಿ ಸುತ್ತಿ, ಮೇಲೆ ಹತ್ತಬೇಕು. ಬಿರುಕಿಲ್ಲದ ಕಡೆ 75 ಮೈಕ್ರೋಸೆಕೆಂಡ್, ಬಿರುಕಿನ ಕಡೆ 100 ಬಂತು ಎಂದಿಟ್ಟುಕೊಳ್ಳಿ. 100 ಭಾಗಿಸು 75 ಅಂದರೆ 1.333. ಅದರ ವರ್ಗ 1.778. ಒಂದು ಕಳೆದರೆ 0.778. ವರ್ಗಮೂಲ 0.882. ಅದನ್ನು 150ರಿಂದ ಗುಣಿಸಿದರೆ 132 ಮಿ.ಮೀ. ಆಳ. ಬಿರುಕಿನಲ್ಲಿ ನೀರು ತುಂಬಿದ್ದರೆ ಅಥವಾ ಹತ್ತಿರದಲ್ಲೇ ಕಂಬಿ ಅಡ್ಡ ಹಾದಿದ್ದರೆ ಸದ್ದಿಗೆ ಅಡ್ಡದಾರಿ ಸಿಗುತ್ತದೆ, ಲೆಕ್ಕ ಹಾಳು. ಪದರವಾಗಿ ಎದ್ದ ಬಿರುಕಿಗಂತೂ ಇದು ಬೇಡವೇ ಬೇಡ. ಗೋಡೆ, ಪಿಲ್ಲರ್‌ಗಳಲ್ಲಿ ನೇರ ಒಳಗಿಳಿದ ಒಣ ಬಿರುಕಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಹೆಜ್ಜೆ 6: ತುಕ್ಕಿನ ಬೆನ್ನು ಹತ್ತುವುದು

ಹಾಸನ, ಚಿಕ್ಕಮಗಳೂರು, ನಮ್ಮ ಎರಡೂ ಜಿಲ್ಲೆಗೆ ಸಮುದ್ರ ದೂರ. ಉಪ್ಪಿನ ಗಾಳಿಯ ಕಾಟ ಇಲ್ಲ. ಇಲ್ಲಿ ಕಂಬಿ ಹಾಳಾಗುವುದು ಮುಖ್ಯವಾಗಿ ಕಾರ್ಬೊನೇಷನ್ ಮತ್ತು ತೇವ ಕೈಜೋಡಿಸಿದಾಗ. ಹೊಸ ಕಾಂಕ್ರೀಟಿನ ಪಿಎಚ್ 12.5ರಿಂದ 13. ಆ ಕ್ಷಾರದಲ್ಲಿ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಕಾರ್ಬೊನೇಟ್ ಆದ ಮೇಲೆ ಪಿಎಚ್ 9ಕ್ಕಿಂತ ಕೆಳಗಿಳಿಯುತ್ತದೆ, ಆ ರಕ್ಷಣೆ ಹೋಗುತ್ತದೆ.

ಇಲ್ಲೊಂದು ಸ್ವಾರಸ್ಯ ಇದೆ. ನೀರಿನಲ್ಲಿ ನೆನೆದ ಕಾಂಕ್ರೀಟಿಗೆ ಗಾಳಿ ಒಳಹೋಗುವುದಿಲ್ಲ, ಕಾರ್ಬೊನೇಷನ್ ನಿಧಾನ. ತೀರಾ ಒಣಗಿದ್ದರೂ ನಿಧಾನ. ಗಾಳಿಯ ತೇವಾಂಶ ಶೇಕಡಾ 50ರಿಂದ 70 ಇದ್ದಾಗ ಅದು ಜೋರು. ಹಾಗಾಗಿ ಮಳೆ ನೇರ ಬೀಳದ ಪೋರ್ಟಿಕೋದ ಅಡಿಭಾಗ, ಮಳೆಗೆ ಒಡ್ಡಿದ ಮೇಲ್ಭಾಗಕ್ಕಿಂತ ಬೇಗ ಕಾರ್ಬೊನೇಟ್ ಆಗುತ್ತದೆ. ಅಷ್ಟಾದ ಮೇಲೆ ಮೇಲಿನಿಂದ ಸೋರಿಕೆ ಶುರುವಾದರೆ ತುಕ್ಕಿಗೆ ಬೇಕಾದ ನೀರೂ ಸಿಕ್ಕಿತು. ಅಜ್ಜಿ ಹೇಳಿದ ಎಲೆ ಕಟ್ಟಿದ ನೀರು ಇದೇ.

ಪರೀಕ್ಷೆ ಸುಲಭ. ಶೇಕಡಾ 1ರ ಫಿನಾಫ್ತಲೀನ್ ದ್ರಾವಣ ಒಂದು ಸ್ಪ್ರೇ ಬಾಟಲಿಯಲ್ಲಿ. ಕಂಬಿಯವರೆಗೆ ಒಂದು ಸಣ್ಣ ಗುಳಿ ಕೆತ್ತಿ, ಧೂಳು ಊದಿ, ಆಗಷ್ಟೇ ಕೆತ್ತಿದ ಮೈಗೆ ಕೂಡಲೇ ಸಿಂಪಡಿಸಿ. ನೀರಿನಲ್ಲಿ ತೊಳೆಯಬೇಡಿ. ಗುಲಾಬಿ ಬಣ್ಣ ಬಂದ ಕಡೆ ಕ್ಷಾರ ಉಳಿದಿದೆ. ಬಣ್ಣ ಬಾರದ ಕಡೆ ಹೋಗಿದೆ. ಹೊರಮೈಯಿಂದ ಬಣ್ಣ ಶುರುವಾಗುವ ತನಕ ಸ್ಕೇಲಿನಲ್ಲಿ ಅಳೆಯಿರಿ. ನಮ್ಮ ಬೀಮಿನಲ್ಲಿ ನಾನು ಸಿಂಪಡಿಸಿದಾಗ ಯಜಮಾನರು ಏಣಿ ಹಿಡಿದು ಬಗ್ಗಿ ನೋಡುತ್ತಿದ್ದರು. ಕಂಬಿಯ ಸುತ್ತ ಬೂದು ಬಣ್ಣವೇ ಉಳಿಯಿತು. ಅದರಾಚೆ, 32 ಮಿ.ಮೀ. ಒಳಗೆ, ಕುಂಕುಮ ಕದಡಿದ ಹಾಗೆ ಗುಲಾಬಿ ಮೂಡಿತು. "ಇಷ್ಟು ಒಳಗೆ ಹೋಗಿದೆಯಾ?" ಅಂದರು. ಕವರ್ 15, ಕಾರ್ಬೊನೇಷನ್ 32. ಮಾತಾಡಲು ಇನ್ನೇನೂ ಉಳಿದಿರಲಿಲ್ಲ. ಕೆತ್ತಿದ ಗುಳಿಯನ್ನು ಅವತ್ತೇ ರಿಪೇರಿ ಮಾರ್ಟರ್‌ನಿಂದ ಮುಚ್ಚಿ ಬನ್ನಿ.

ಒಂದು ಲೆಕ್ಕ ತಲೆಯಲ್ಲಿರಲಿ. ಕಾರ್ಬೊನೇಷನ್ ಆಳ ವರ್ಷಗಳ ವರ್ಗಮೂಲದ ಹಾಗೆ ಬೆಳೆಯುತ್ತದೆ. 10 ವರ್ಷದಲ್ಲಿ 15 ಮಿ.ಮೀ. ಇಳಿದಿದ್ದರೆ 30 ಮಿ.ಮೀ. ಇಳಿಯಲು 20 ವರ್ಷ ಅಲ್ಲ, 40 ವರ್ಷ ಬೇಕು. ಇದನ್ನೇ ತಿರುಗಿಸಿ ನೋಡಿ: ಕವರ್ ಅರ್ಧ ಮಾಡಿದರೆ ಕಂಬಿಗೆ ಸಿಗುವ ಕಾಲ ಕಾಲುಭಾಗ. ಮೋಲ್ಡ್ ಹಾಕುವ ದಿನ ಕವರ್ ಬ್ಲಾಕ್ ಇಡದ ಮೇಸ್ತ್ರಿ ಉಳಿಸಿದ್ದು ನೂರಿನ್ನೂರು ರೂಪಾಯಿ.

ತುಕ್ಕು ಈಗಲೂ ನಡೆಯುತ್ತಿದೆಯಾ ಎಂದು ತಿಳಿಯಲು ಹಾಫ್ ಸೆಲ್ ಪರೀಕ್ಷೆ. ತಾಮ್ರದ ಸರಳು, ಮೈಲುತುತ್ತದ ದ್ರಾವಣ ತುಂಬಿದ ಕೊಳವೆ, ಒಂದು ಒಳ್ಳೆಯ ವೋಲ್ಟ್‌ಮೀಟರ್. ಬೋರ್ಡೋ ದ್ರಾವಣಕ್ಕೆ ತೋಟದಲ್ಲಿ ಬಳಸುವ ಅದೇ ಮೈಲುತುತ್ತ. ಮೀಟರಿನ ಒಂದು ತಂತಿ ಕೆತ್ತಿ ತೆಗೆದ ಕಂಬಿಗೆ, ಇನ್ನೊಂದು ಕೊಳವೆಗೆ. ಮೈಯನ್ನು ಮೊದಲೇ ಸ್ವಲ್ಪ ತೇವ ಮಾಡಿ, ಕೊಳವೆಯನ್ನು ಬಿಂದುವಿನಿಂದ ಬಿಂದುವಿಗೆ ಸರಿಸುತ್ತಾ ಹೋಗಿ. ಮೈನಸ್ 200 ಮಿಲಿವೋಲ್ಟ್‌ಗಿಂತ ಮೇಲಿದ್ದರೆ, ಅಂದರೆ ಸೊನ್ನೆಯ ಕಡೆಗಿದ್ದರೆ, ತುಕ್ಕು ಇಲ್ಲದಿರುವ ಸಾಧ್ಯತೆ ಶೇಕಡಾ 90ಕ್ಕಿಂತ ಜಾಸ್ತಿ. ಮೈನಸ್ 350ಕ್ಕಿಂತ ಕೆಳಗಿದ್ದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇಕಡಾ 90ಕ್ಕಿಂತ ಜಾಸ್ತಿ. ನಡುವಿನದು ಹೇಳಲಾಗದು. ನಮಗೆ ಹೊರತುದಿಯಲ್ಲಿ ಮೈನಸ್ 380, ಮನೆ ತುದಿಯಲ್ಲಿ ಮೈನಸ್ 180. ಎಪಾಕ್ಸಿ ಬಳಿದ ಕಂಬಿಗೆ ಇದು ನಡೆಯುವುದಿಲ್ಲ. ನೀರಲ್ಲಿ ಪೂರ್ತಿ ನೆನೆದ ಕಾಂಕ್ರೀಟಿನಲ್ಲಿ ತುಕ್ಕಿಲ್ಲದಿದ್ದರೂ ಬಹಳ ಕೆಳಗಿನ ಅಂಕ ಬರಬಹುದು. ಆಷಾಢದಲ್ಲಿ ಮಾಡಬೇಡಿ.

ಉಳಿದ ಮಷೀನುಗಳು

ಜಿಪಿಆರ್ ರೇಡಾರ್ ಸ್ಲ್ಯಾಬಿನೊಳಗಿನ ಕಂಬಿ, ಪೈಪು, ಟೊಳ್ಳು ಎಲ್ಲ ತೋರಿಸುತ್ತದೆ. ಒದ್ದೆ ಕಾಂಕ್ರೀಟಿನಲ್ಲಿ ಮಂಕಾಗುತ್ತದೆ. ಒಂದು ಪೋರ್ಟಿಕೋಗಾಗಿ ತರಿಸುವುದು ದುಂದು. ತಟ್ಟಿದ ಸದ್ದಿನ ಮಾರ್ದನಿ ಹಿಡಿಯುವ ಇಂಪ್ಯಾಕ್ಟ್ ಎಕೋ ಒಂದೇ ಮೈಯಿಂದ ಸ್ಲ್ಯಾಬಿನ ದಪ್ಪ ಮತ್ತು ಒಳಪದರ ಪತ್ತೆ ಮಾಡಲು ಒಳ್ಳೆಯದು. ಥರ್ಮಲ್ ಕ್ಯಾಮೆರಾ ಸೋರಿಕೆ ಹುಡುಕಲು ಸಲೀಸು. ಆದರೆ ಅದಕ್ಕೆ ಬಿಸಿ, ತಂಪಿನ ವ್ಯತ್ಯಾಸ ಬೇಕು. ಫೆಬ್ರವರಿಯ ಬೆಳಗಿನ ಬಿಸಿಲು ತಾರಸಿಗೆ ಬಿದ್ದ ಮೇಲೆ ಪದರ ಬಿಟ್ಟ ಜಾಗ ಸುತ್ತಲಿಗಿಂತ ಬೇಗ ಕಾಯುತ್ತದೆ, ಚಿತ್ರದಲ್ಲಿ ಎದ್ದು ಕಾಣುತ್ತದೆ. ಜುಲೈನ ಮೋಡದಲ್ಲಿ ಸುಮ್ನೆ ಬಣ್ಣಬಣ್ಣದ ಫೋಟೊ ಬರುತ್ತದೆ ಅಷ್ಟೇ.

ಸೈಜುಗಲ್ಲು, ಇಟ್ಟಿಗೆ, ಮಣ್ಣಿನ ಗೋಡೆಗಳಿಗೆ ಮೇಲಿನ ಯಾವ ಪಟ್ಟಿಯೂ ಅನ್ವಯ ಆಗುವುದಿಲ್ಲ. ಅವು ಕಾಂಕ್ರೀಟಿನ ಲೆಕ್ಕ. ಬೇಲೂರು, ಹಳೇಬೀಡಿನಂಥ ಕಡೆ ಕೆತ್ತಿದ ಬಳಪದ ಕಲ್ಲಿಗೆ ರಿಬೌಂಡ್ ಹ್ಯಾಮರ್ ಹಿಡಿಯುವ ಯೋಚನೆಯೂ ಬೇಡ. ಅದು ಮೆದು ಕಲ್ಲು, ಗುರುತು ಉಳಿಯುತ್ತದೆ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಇಲ್ಲದೆ ಸಂರಕ್ಷಿತ ಸ್ಮಾರಕಕ್ಕೆ ಕೈ ಹಚ್ಚುವುದು ಕಾನೂನಿನ ಪ್ರಕಾರವೂ ತಪ್ಪು.

ಹೆಜ್ಜೆ 7: ಎಲ್ಲವನ್ನೂ ಒಟ್ಟಿಗೆ ಓದುವುದು

ಸುತ್ತಿಗೆಯ ಅಂಕವೂ ಚೆನ್ನಾಗಿದ್ದು ವೇಗವೂ ಚೆನ್ನಾಗಿದ್ದರೆ ತಲೆನೋವಿಲ್ಲ. ಅಂಕ ಜಾಸ್ತಿ, ವೇಗ ಕಡಿಮೆ ಬಂದರೆ ಸಿಪ್ಪೆ ಗಟ್ಟಿ, ತಿರುಳು ಕೆಟ್ಟಿದೆ. ಅಂಕ ಕಡಿಮೆ, ವೇಗ ಜಾಸ್ತಿ ಬಂದರೆ ಮೇಲ್ಮೈ ಮಾತ್ರ ಹಾಳು, ನೀರು ಹಾಕದೆ ಬಿಟ್ಟಿದ್ದರೆ ಹೀಗಾಗುತ್ತದೆ. ಅಥವಾ ನೀವು ಗಾರೆ ಪೂರ್ತಿ ತೆಗೆದಿಲ್ಲ, ಇನ್ನೊಮ್ಮೆ ನೋಡಿ. ಎರಡೂ ಕಡಿಮೆ ಬಂದರೆ ಕೋರ್ ತೆಗೆಯಿರಿ.

ಕೋರ್ ಅಂದರೆ ಡ್ರಿಲ್ ಮಷೀನಿನಿಂದ ಉರುಳೆಯಾಕಾರದ ತುಂಡು ತೆಗೆದು ಲ್ಯಾಬಿನಲ್ಲಿ ಒಡೆಸುವುದು. ಕಡಿಮೆ ಎಂದರೂ ಮೂರು ಬೇಕು. ವ್ಯಾಸ ಜಲ್ಲಿಯ ಗಾತ್ರದ ಮೂರು ಪಟ್ಟಾದರೂ ಇರಲಿ. ಮೂರರ ಸರಾಸರಿ ಬೇಕಾದ ಕ್ಯೂಬ್ ಶಕ್ತಿಯ (ಆ ದರ್ಜೆಯ ಕಾಂಕ್ರೀಟಿನ ಘನಾಕಾರದ ತುಂಡು ತಡೆಯಬೇಕಾದ ಒತ್ತಡದ) ಶೇಕಡಾ 85 ಮುಟ್ಟಬೇಕು, ಯಾವುದೂ ಶೇಕಡಾ 75ಕ್ಕಿಂತ ಕೆಳಗಿರಬಾರದು. ಕವರ್ ಮೀಟರಿನ ಗೆರೆ ನೋಡದೆ ಡ್ರಿಲ್ ಇಟ್ಟು ಕಂಬಿ ಕತ್ತರಿಸಿದರೆ ಪರೀಕ್ಷೆ ಮಾಡಲು ಹೋಗಿ ನೀವೇ ದೋಷ ಮಾಡಿದ ಹಾಗಾಯಿತು. ನಮ್ಮ ಬೀಮಿಗೆ ಕೋರ್ ಬೇಕಾಗಲಿಲ್ಲ. 230 ಅಗಲದ ಬೀಮಿನಲ್ಲಿ ತೂತು ಕೊರೆಯುವುದಕ್ಕೆ ನಾನು ಸುಲಭಕ್ಕೆ ಒಪ್ಪುವುದೂ ಇಲ್ಲ.

ಇಷ್ಟಾದರೂ ಅನುಮಾನ ಹೋಗದಿದ್ದರೆ ಭಾರ ಹೇರಿ ನೋಡುವ ಪರೀಕ್ಷೆ ಇದೆ. ಪೂರ್ತಿ ಸ್ವಂತ ಭಾರದ ಜೊತೆಗೆ ಬಳಕೆಯ ಭಾರದ 1.25 ಪಟ್ಟು ಹೇರಿ 24 ಗಂಟೆ ಬಿಡಬೇಕು. ಆ ಹೇರಿದ ಭಾರ ತೆಗೆದು 24 ಗಂಟೆಯೊಳಗೆ ಬಾಗಿದ್ದರಲ್ಲಿ ಶೇಕಡಾ 75 ವಾಪಸ್ ಬರಬೇಕು. ಮರಳಿನ ಚೀಲ ಪೇರಿಸಿ ಮಾಡುತ್ತಾರೆ. ಕೆಳಗೆ ಸ್ವಲ್ಪ ಅಂತರ ಬಿಟ್ಟು ಜಾಕಿ ನಿಲ್ಲಿಸದೆ ಇದನ್ನು ಯಾರೂ ಮಾಡಬಾರದು.

ಹೆಜ್ಜೆ 8: ವರದಿ

ವರದಿಯಲ್ಲಿ ಮೊದಲ ಪುಟ ಮನೆಯವರಿಗೆ. ಏನಾಗಿದೆ, ಯಾಕಾಗಿದೆ, ಈಗ ಏನು ಮಾಡಬೇಕು, ಎಷ್ಟು ಬೇಗ. ಸಂಖ್ಯೆಗಳೆಲ್ಲ ಆಮೇಲೆ. ಪ್ರತಿ ಬಿಂದುವಿನ ಜಾಗ ತೋರಿಸುವ ನಕ್ಷೆ, ಸೀಮೆಸುಣ್ಣದ ಗೆರೆಗಳ ಫೋಟೊ, ತಾರೀಕು, ಅವತ್ತು ಮೈ ಒಣಗಿತ್ತಾ ಒದ್ದೆ ಇತ್ತಾ, ಯಾವ ಮಷೀನು, ಅದರ ಕ್ಯಾಲಿಬ್ರೇಷನ್ ಯಾವಾಗ ಆಗಿದ್ದು. ಅಳತೆ ಮಾಡಲು ಆಗದ ಜಾಗಗಳನ್ನೂ ಬರೆಯಿರಿ. ಏಣಿ ಮುಟ್ಟದ ಮೂಲೆಗೂ ಸರಾಸರಿ ಹಾಕಿ ತುಂಬಿಸಬೇಡಿ.

ಮೂಡಿಗೆರೆ ಮನೆಗೆ ನಾನು ಬರೆದದ್ದು ಒಂದೂವರೆ ಪುಟ. ಮೊದಲು ಮೇಲಿನ ನೀರು ಹೋಗಲು ಇಳಿಜಾರು ಮತ್ತು ಪೈಪು. ಜಾಕಿ ಕೊಟ್ಟು ಹೊರತುದಿಯ ಒಂದೂವರೆ ಮೀಟರ್ ಅಡಿಭಾಗ ಕೆತ್ತಿ, ಕಂಬಿಯ ಹಿಂದಕ್ಕೂ ಬೆರಳು ಹೋಗುವಷ್ಟು ಜಾಗ ಮಾಡುವುದು. ತಂತಿ ಬ್ರಷ್‌ನಿಂದ ತುಕ್ಕು ತೆಗೆದು ಕಂಬಿ ಎಷ್ಟು ಸವೆದಿದೆ ಎಂದು ಅಳೆಯುವುದು, ಬೇಕಾದರೆ ಪಕ್ಕಕ್ಕೆ ಹೊಸ ಕಂಬಿ. ಆಮೇಲೆ ಪಾಲಿಮರ್ ಮಾರ್ಟರ್. ಉಳಿದ ಭಾಗಕ್ಕೆ ಕಾರ್ಬೊನೇಷನ್ ತಡೆಯುವ ಬಣ್ಣ. ಪೂರ್ತಿ ಇಳಿಸುವ ಅಗತ್ಯ ಬೀಳಲಿಲ್ಲ. ಬರೀ ಗಾರೆ ಬಳಿದಿದ್ದರೆ ಎರಡು ಮಳೆಗಾಲದಲ್ಲಿ ಮತ್ತೆ ಉದುರುತ್ತಿತ್ತು.

ಮರುವರ್ಷ ಮಾರ್ಚ್‌ನಲ್ಲಿ ಅದೇ ಬಿಂದುಗಳಲ್ಲಿ ಮತ್ತೆ ಹಾಫ್ ಸೆಲ್ ಹಿಡಿದು ನೋಡಿ ಬಂದೆ. ಏಣಿಯಿಂದ ಇಳಿಯುವಾಗ ಅಜ್ಜಿ ಕಾಫಿ ಲೋಟ ಹಿಡಿದು ನಿಂತಿದ್ದರು. "ಎಲೆ ಗುಡಿಸಿದ್ದಾನಾ ನೋಡಿದ್ಯೇನಪ್ಪ?" ಅಂದರು. ಗುಡಿಸಿದ್ದರು.